ಮುಂದೆ ಓಡಿದ ತಂಗಿಗೆ

ಪ್ರೀತಿಯ ಪುಟ್ಟೀ,

ಫೋನಿನಲ್ಲಿ ಹೇಳಲು ನಾಚಿಕೆಯಾಗಿ ಬರೆಯುತ್ತಿದ್ದೇನೆ.

ನಾವಿಬ್ಬರೂ ಒಟ್ಟಿಗೇ ಆನ್‌ಲೈನ್ ಅಕೌಂಟ್ಸ್ ಕೋರ್ಸಿಗೆ ಸೇರಿದೆವು. ನಾನು ಹೊಲಿಗೆ ಯಂತ್ರಕ್ಕೆ ಮೊಬೈಲ್ ಒರಗಿಸಿಕೊಂಡು ಒಂದು ಪಾಠ ಕೇಳುವಷ್ಟರಲ್ಲಿ ನೀನು ಮೂರು ಮುಗಿಸಿರುತ್ತಿದ್ದೆ. "ತಂಗೀನ ನೋಡಿ ಕಲಿಯೇ" ಎಂದು ಅಮ್ಮ ಅಂದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತು. ಆ ಉರಿಯಲ್ಲೇ ಓದುತ್ತಿದ್ದೆ.

ಮಗುವಾದ ಮೇಲೆ ನೀನು ಓದು ಬಿಟ್ಟೆಯಂತೆ. ಸುದ್ದಿ ಕೇಳಿ ಒಳಗೊಳಗೇ ಹಿಗ್ಗಿದೆ. ಆದರೆ ಅಂದಿನಿಂದ ನನಗೂ ಪಾಠ ತೆರೆಯುವ ಮನಸ್ಸಾಗುತ್ತಿಲ್ಲ. ಹೇಳುವವರಿಲ್ಲ, ಕೇಳುವವರಿಲ್ಲ, ಇನ್ನು ಯಾರ ಮೇಲೆ ಹೊಟ್ಟೆಕಿಚ್ಚು ಪಡಲಿ?

ಭಾನುವಾರ ಬರುತ್ತೇನೆ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಡು. ಮಗುವನ್ನು ನಾನು ಎತ್ತಿಕೊಂಡಿರುತ್ತೇನೆ, ನೀನು ಕೂತು ಓದು. ನನಗಿಂತ ಮೊದಲು ಕೋರ್ಸ್ ಮುಗಿಸಿದ ದಿನ ಮನಸಾರೆ ಜಂಬ ಕೊಚ್ಚು.

ನಿನ್ನ ಹೊಟ್ಟೆಕಿಚ್ಚಿನ
ಅಕ್ಕ