ಅಗಸಿಯ ಮುಂದೆ ಇಪ್ಪತ್ತೊಂದು ಹೆಸರು

ಅಪ್ಪಾ, ಗಂಡನ ಮನೆ ಮಲ್ಲಸಮುದ್ರದಿಂದ ನಿನ್ನ ಮಗಳು ಗಂಗವ್ವನ ಶರಣು.

ನೀನು ಹೋದ ಮೇಲೆ ಬಂದ ಮೊದಲ ಕಾಳಗದ ದಿನ ಮೊನ್ನೆ ಮುಗಿಯಿತು. ಹೇಗಾಯಿತೋ ಏನೋ ಎಂದು ಅಲ್ಲಿ ಚಡಪಡಿಸುತ್ತಿರುತ್ತೀಯ, ನನಗೆ ಗೊತ್ತು. ಚೆನ್ನಾಗಿಯೇ ಆಯಿತು. ನೀನು ಅಂದುಕೊಂಡಂತೆ ಮಾತ್ರ ಆಗಲಿಲ್ಲ. ಪೂರ್ತಿ ಓದು, ನಡುವೆ ಸಿಡುಕಬೇಡ.

ನೀನು ನನ್ನ ತಮ್ಮ ಬಸ್ಯಾನನ್ನು ಎದುರಿಗೆ ಕೂರಿಸಿಕೊಂಡು ಹೆಸರು ಕಲಿಸುತ್ತಿದ್ದ ಸಂಜೆಗಳು ನೆನಪಿವೆ. ಬ್ರಿಟಿಷರ ಪಡೆಗೆ ಎದುರಾಗಿ ಊರ ಅಗಸಿ ಬಾಗಿಲಲ್ಲಿ ನಿಂತು ಸತ್ತವರು ಇಪ್ಪತ್ತೊಂದು ಜನ. ಬರೆದಿಟ್ಟ ಕಾಗದ ಸರಕಾರದ ಕೈಗೆ ಸಿಕ್ಕರೆ ಉಳಿದವರಿಗೂ ಗಲ್ಲು ಎಂದು ಆಗಿನವರು ಹೆಸರುಗಳನ್ನು ಬಾಯಲ್ಲೇ ಇಟ್ಟುಕೊಂಡರು. ಇವತ್ತಿಗೂ ಪ್ರತಿ ವರ್ಷ ಕಾಳಗದ ದಿನ ಆ ಹೆಸರು ಕೂಗುವ ನಮ್ಮ ಮನೆಯವರು ಕಾಗದ ಹಿಡಿಯುವಂತಿಲ್ಲ. "ಮನಸಿನ್ಯಾಗ ಓಣಿ ಓಣಿ ಅಡ್ಡಾಡಲೇ. ಯಾರ ಮನಿ ಮುಂದ ಬಂದಿ, ಅವರ ಮುತ್ತ್ಯಾನ ಹೆಸರು ಕೂಗು," ಅನ್ನುತ್ತಿದ್ದೆ. ಒಳಗೆ ರೊಟ್ಟಿ ಬಡಿಯುತ್ತ ನಾನೂ ಅದೇ ಓಣಿಗಳಲ್ಲಿ ಅಡ್ಡಾಡುತ್ತಿದ್ದೆ. ನನಗೂ ಕಲಿಸು ಎಂದು ಒಮ್ಮೆ ಕೇಳಿದ್ದಕ್ಕೆ ಏನಂದಿದ್ದೆ ಹೇಳು? "ನೀ ಕೊಟ್ಟ ಮನಿಗೆ ಹೋಗಾಕಿ. ಊರ ಹೆಸರು ಊರಾಗ ಇರಬೇಕವ್ವಾ." ಆ ಮಾತು ಎಷ್ಟು ಚುಚ್ಚಿತೆಂದು ನೀನಿರುವವರೆಗೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಮೊನ್ನೆ ಬಸ್ಯಾ ಹೊಸ ರುಮಾಲು ಸುತ್ತಿಕೊಂಡು ಅಗಸಿಯ ಕಟ್ಟೆ ಹತ್ತಿದ. ನಾನು ಹೆಂಗಸರ ಜೊತೆ ಕೆಳಗೆ ಕೂತಿದ್ದೆ. ಒಂದೊಂದು ಹೆಸರಿಗೂ ಆಯಾ ಮನೆಯವರು ಎದ್ದು "ಅದಾನ್ರೀ!" ಎಂದು ಓಗೊಟ್ಟರು. ನಾಲ್ಕಾಯಿತು. ಐದನೆಯದಕ್ಕೆ ಅವನ ಬಾಯಿ ಕಟ್ಟಿತು. ನಿನಗೆ ಗೊತ್ತಲ್ಲ, ಮಂದಿಯನ್ನು ಕಂಡರೆ ಅವನಿಗೆ... ಕಮಿಟಿಯ ಹಿರಿಯರು ಫಕೀರಪ್ಪ ಕಾಕಾ ಮೈಕಿನ ಹತ್ತಿರ ಬಂದು, "ಇರ್ಲಿ ಬಿಡಪಾ. ಮುಂದಿನ ವರ್ಷದಿಂದ ಬರೇ ಹಾರ ಹಾಕಿದ್ರಾತು," ಅಂದರು. ನನಗೆ ಮೈಯೆಲ್ಲ ಉರಿಯಿತು. ಗಲ್ಲಿನ ಭಯದಲ್ಲೂ ಉಳಿದು ಬಂದ ಹೆಸರುಗಳು ಒಂದು ಹಾರಕ್ಕೆ ಮುಗಿಯಬೇಕೇ? ಕೂತಲ್ಲಿಂದಲೇ ಕೂಗಿಬಿಟ್ಟೆ: "ಬಡಿಗೇರ ಸಂಗಪ್ಪಾ!" ಬಡಿಗೇರರ ಮನೆಯವರು ರೂಢಿಯಂತೆ "ಅದಾನ್ರೀ!" ಎಂದೇಬಿಟ್ಟರು, ಆಮೇಲೆ ಕೂಗಿದ್ದು ಯಾರೆಂದು ತಿರುಗಿ ನೋಡಿದರು.

"ಅಕ್ಕಾ, ಮ್ಯಾಲೆ ಬಾ. ನನಕಿಂತ ನಿನಗ ಪಾಡ ಬರ್ತಾವು," ಅಂದ ಬಸ್ಯಾ. ಮುಖದಲ್ಲಿ ಎಂಥ ನಿರಾಳ ಅಂತೀ! ಕಾಕಾ ಮಾತ್ರ, "ಹೆಣ್ಣಮಗಳು, ಅದೂ ಕೊಟ್ಟ ಹೆಣ್ಣು..." ಎಂದು ರಾಗ ಎಳೆದರು.

"ಕಾಕಾ, ನಿಮಗ ಬರ್ತಾವೇನ್ರಿ? ಬಂದ್ರ ನೀವ ಕೂಗ್ರಿ. ನಾ ಕುಂಡ್ರತೀನಿ."

ಅವರು ಹಿಂದೆ ಸರಿದರು. ನಾನು ಕಟ್ಟೆ ಹತ್ತಿದೆ. ಅಪ್ಪಾ, ಹೆದರಿಕೆ ಆಗಲೇ ಇಲ್ಲ.

ಆದರೆ ಒಂದು ತಪ್ಪು ಮಾಡಿದೆ. ಮುಂಜಾನೆ ಶಿರಹಟ್ಟಿ ಬಸ್ಸಿಳಿದು ಬರುವಾಗ ಅಗಲ ಮಾಡಿದ ಹೊಸ ರಸ್ತೆ ನೋಡಿದ್ದೆನಲ್ಲ, ಮನಸ್ಸಿನಲ್ಲಿ ಅದೇ ರಸ್ತೆಯಲ್ಲಿ ನಡೆದುಬಿಟ್ಟೆ. ಕಡೆಗೆ ನಮ್ಮ ಮನೆಯ ಹೆಸರು ಕೂಗಬೇಕು ಎನ್ನುವಾಗ ನೀಲವ್ವಜ್ಜಿ ಕೋಲೂರಿ ಎದ್ದು ನಿಂತಳು. "ಯವ್ವಾ, ರಸ್ತೆಕ್ಕಂತ ನಮ್ಮ ಮನಿ ಕೆಡವ್ಯಾರ. ನಮ್ಮ ಮುತ್ತ್ಯಾ ಎಲ್ಲಿಗೂ ಹೋಗಿಲ್ಲ. ಅದಾನ್ರೀ!" ಕರೆಯದ ಹೆಸರಿಗೆ ಓಗೊಟ್ಟಿದ್ದಳು ಮುದುಕಿ. ನಾಚಿಕೆಯಿಂದ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ತಪ್ಪಾತಬೇ ಅಜ್ಜೀ," ಎಂದು ಕೈಮುಗಿದು ಅವಳ ಮುತ್ತ್ಯಾನನ್ನು ಗಂಟಲು ಹರಿಯುವಂತೆ ಕೂಗಿದೆ. ನೀನಾಗಿದ್ದರೆ ತಪ್ಪುತ್ತಿದ್ದೆಯಾ? ಇಲ್ಲ ಬಿಡು. ನಿನ್ನ ಓಣಿಗಳಲ್ಲಿ ಒಂದು ಮನೆಯೂ ಬಿದ್ದಿರಲಿಲ್ಲ.

ಕೊನೆಯ ಹೆಸರಿಗೆ ನಮ್ಮ ಬಸ್ಯಾ ಓಗೊಟ್ಟ ನೋಡು, ಅಗಸಿ ಗುಂಯ್ ಅಂದಿತು. ಇಳಿದು ಬಂದಾಗ ನೀಲವ್ವಜ್ಜಿ ನನ್ನ ಗದ್ದ ಹಿಡಿದು, "ನಿಮ್ಮಪ್ಪನ ದನಿ ಕೇಳಿದಂಗಾತು," ಅಂದಳು.

"ಅಲ್ಲಬೇ, ಇದು ನನ್ನ ದನಿ," ಅಂದೆ. ಸೊಕ್ಕು ಅನ್ನುತ್ತೀಯಾ? ಅನ್ನು.

ಬಸ್ಸಿಗೆ ಕಳಿಸಲು ಬಂದವರು ಯಾರು ಗೊತ್ತೇ? ಫಕೀರಪ್ಪ ಕಾಕಾ. "ಮುಂದಿನ ಸಲ ಒಂದಿನ ಮೊದಲ ಬಾರವ್ವಾ, ಓಣಿ ಅಡ್ಡಾಡಿ ನೋಡಿಕೊಂಡ ಕಟ್ಟಿ ಹತ್ತುವಿಯಂತ," ಅಂದರು.

ಇನ್ನೊಂದು ಖಬರ. ನಿನ್ನೆಯಿಂದ ನನ್ನ ಮಗಳಿಗೆ ಹೆಸರು ಕಲಿಸಲು ಸುರು ಮಾಡಿದ್ದೇನೆ. ಏಳು ಬಂದಿವೆ. ಅವಳನ್ನೂ ಒಂದು ದಿನ ಯಾವುದೋ ಊರಿಗೆ ಕೊಡುತ್ತೇವೆ, ಕೊಡದೆ ಇರುತ್ತೇವೆಯೇ? ಹೋಗಲಿ, ಇಪ್ಪತ್ತೊಂದನ್ನೂ ಕಟ್ಟಿಕೊಂಡು ಹೋಗಲಿ. ಕಾಳಗದ ದಿನಕ್ಕೆ ಬಸ್ಸು ಹತ್ತಿ ಅಷ್ಟೂ ಜನರನ್ನು ಊರಿಗೆ ಕರೆದುಕೊಂಡು ಬರುತ್ತಾಳೆ.