ಲೆನ್ಸಿಗೆ ಹಿಡಿದ ಸೆರಗು

ಅತ್ತೆ,

ನೀನು ಕೊನೆಯವರೆಗೂ ನೋಡಲು ಒಪ್ಪದ ಆ ಫೋಟೋ ಈಗ ನನ್ನ ಮೇಜಿನ ಮೇಲಿದೆ. ಗೋಡೆಯಲ್ಲಿದ್ದಾಗ ಅದರ ಧೂಳು ಒರೆಸುತ್ತಿದ್ದವಳು ನೀನೇ. ಒರೆಸುವಾಗಲೂ ನಿನ್ನ ಮುಖ ಕಿಟಕಿಯ ಕಡೆ ಇರುತ್ತಿತ್ತು. ಯಾಕೆ ಹೀಗೆ ಎಂದು ಕೇಳುವ ಧೈರ್ಯ ನನಗೆ ಬರುವಷ್ಟರಲ್ಲಿ ನೀನು... ಇರಲಿ. ಇವತ್ತು ನಿನಗೊಂದು ವಿಷಯ ತಿಳಿಸಬೇಕು.

ಹೊಳೆನರಸೀಪುರದಲ್ಲಿ ಬಸ್ಸು ನಿಲ್ಲುತ್ತಿದ್ದ ಬಯಲು ನೆನಪಿದೆಯಾ? ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸುಗಳು. ಹಾಸನದಿಂದ ಬಂದ ಬಸ್ಸಿನಲ್ಲೇ ಅಮ್ಮ ಮೈಸೂರಿನ ಆಸ್ಪತ್ರೆಗೆ ಹೋಗಬೇಕಿತ್ತು. ಎದೆಯ ಕಾಯಿಲೆ. ಅದರಿಂದ ಎದ್ದವರು ಅಪರೂಪ ಎಂಬುದು ನನ್ನೊಬ್ಬಳನ್ನು ಬಿಟ್ಟು ಮನೆಯವರಿಗೆಲ್ಲ ಗೊತ್ತಿತ್ತು. ಅದೇ ಬಸ್ಸಿನಿಂದ ಮೂರು ಕಾಲಿನ ಕ್ಯಾಮೆರಾ ಹೊತ್ತು ಫೋಟೋದವನು ಇಳಿದ. ಅಮ್ಮನದು ಒಂದೂ ಫೋಟೋ ಇರಲಿಲ್ಲ. "ಮಗೂಗೆ ನನ್ನ ಮುಖ ನೆನಪಿರಬೇಕಲ್ಲ" ಎಂದು ಅವಳೇ ಹಟ ಹಿಡಿದು ಅವನನ್ನು ಕರೆಸಿದ್ದಳು. ಅವನ ಹತ್ತಿರ ಉಳಿದಿದ್ದದ್ದು ಒಂದೇ ಫೋಟೋಗಾಗುವ ಒಂದೇ ಗಾಜಿನ ಪ್ಲೇಟು. ಕಂಡಕ್ಟರ್ ಇದ್ದಿಲು ತುಂಬಿ ಮುಗಿಸುವುದರೊಳಗೆ ತೆಗೆಯಬೇಕಿತ್ತು.

ಅಮ್ಮನ ಜೊತೆ ಅಪ್ಪ, ಅಜ್ಜಿ, ನಾನು ಎಲ್ಲರೂ ಪೂರ್ವಕ್ಕೇ ಮುಖ ಮಾಡಿ ಕೂರಬೇಕೆಂದು ಅಜ್ಜಿ ಬೆಂಚು ಹಾಕಿಸಿದ್ದು ನೆನಪಿದೆ. ಸೂರ್ಯ ಆಗಲೇ ಪಶ್ಚಿಮಕ್ಕೆ ವಾಲಿ ನಮ್ಮ ಬೆನ್ನಿಗಿದ್ದ. ಫೋಟೋದವನು ಕರಿಬಟ್ಟೆಯೊಳಗೆ ತಲೆ ತೂರಿಸಿ ಈಚೆ ತೆಗೆದ.

"ಬಿಸ್ಲು ನೇರ ಗಾಜಿಗೇ ಒಡೀತದೆ ಸಾ. ಒಳಗೆ ಬರೀ ಬಿಳಿ ಚಕ್ರ. ಅಮ್ಮಾವ್ರ ಮಕದ ಮ್ಯಾಲೇ ಕುಂತವೆ."

ಲೆನ್ಸಿಗೆ ಕೂತಿದ್ದ ಇದ್ದಿಲ ಧೂಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ ಮತ್ತೆ ನೋಡಿದ. ಮಸುಕು ಕಡಿಮೆಯಾಯಿತಂತೆ, ಚಕ್ರಗಳು ಹೋಗಲಿಲ್ಲ.

"ಈ ಕಡೀಕೆ ತಿರುಗ್ಸಿ ಕೂರ್ಸಿ ಅಜ್ಜಿ, ಬಿಸ್ಲು ಮಕಕ್ಕೆ ಬೀಳ್ಲಿ."

"ಮುಳುಗೋ ಸೂರ್ಯನಿಗೆ ಮುಖ ಕೊಟ್ಟು ಕಾಯಿಲೆಯವಳನ್ನ ಕೂರಿಸ್ತಾರೇನೋ? ಬುದ್ಧಿ ಇದೆಯಾ ನಿನಗೆ?"

"ಅಂಗಾರೆ ಯಾರಾರ ಗಾಜಿಗೆ ನೆರಳು ಹಿಡೀಬೇಕು. ನನ್ ಎರಡು ಕೈಗೂ ಕೆಲ್ಸ ಅದೆ."

"ಛತ್ರಿ ತಾ, ನಾನೇ ಹಿಡೀತೀನಿ."

"ನೀವು ಫೋಟೋದಾಗೆ ಕೂರ್ಬೇಕಲ್ಲ, ನಿಮ್ ಕೈ ಗಾಜಿನ ಮ್ಯಾಕೆ ಎಟುಕಾಕೂ ಇಲ್ಲ ಕಣಜ್ಜಿ. ಅಗೋ, ಆ ಎತ್ತರದ ಅಮ್ಮಾವ್ರು ಸುಮ್ನೆ ನಿಂತವ್ರಲ್ಲ!"

ಬಸ್ಸಿನ ಮರೆಯಲ್ಲಿ ನಿಂತಿದ್ದ ನಿನ್ನನ್ನು ಆಗ ಎಲ್ಲರೂ ನೋಡಿದರು. ಅಪ್ಪನ ಅಕ್ಕ, ಮನೆಗೆಲ್ಲ ಎತ್ತರದವಳು, ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು. ಹೊರಡುವವರ ಎದುರಿಗೆ ವಿಧವೆ ಬರಬಾರದೆಂದು ನಿನ್ನನ್ನು ಅಲ್ಲಿ ನಿಲ್ಲಿಸಿದ್ದು ಅಜ್ಜಿ. ನಿನ್ನ ಹೆತ್ತ ತಾಯಿ.

"ಅವಳು ಬೇಡ," ಎಂದಳು ಅಜ್ಜಿ. ಅಪ್ಪ ನೆಲ ನೋಡಿದರು.

ಅಮ್ಮ ಕೆಮ್ಮು ನುಂಗಿಕೊಂಡಳು. "ಅತ್ತಿಗೆ, ಬನ್ನಿ. ನೀವೇ ಹಿಡೀರಿ."

ನೀನು ಬಂದೆ. ಛತ್ರಿ ಬಿಚ್ಚಿದ್ದೇ ತಡ, ಹೊಳೆಯ ಕಡೆಯಿಂದ ಬೀಸಿದ ಗಾಳಿ ಅದನ್ನು ಮಗುಚಿ ಕಡ್ಡಿ ಮುರಿಯಿತು. ಬಸ್ಸಿನ ಹಾರನ್ ಕೂಗಿತು. ಆ ಗಳಿಗೆಯಲ್ಲಿ ನಿನಗೆ ಏನನ್ನಿಸಿತು, ಅತ್ತೆ? ಏನಾದರೂ ಅನ್ನಿಸಲು ಹೊತ್ತಾದರೂ ಇತ್ತೇ? ತಲೆಯ ಮೇಲಿನ ಸೆರಗನ್ನು ಎಳೆದೆ. ಎರಡು ಮಡಿಕೆ ಮಾಡಿ, ಎರಡೂ ಕೈಯಲ್ಲಿ ಲೆನ್ಸಿನ ಮೇಲೆ ಚಾಚಿ ಹಿಡಿದೆ. ಬಸ್ಸಿನ ಕಿಟಕಿಗಳಿಂದ ತಲೆಗಳು ಇಣುಕಿದವು. ನಿನ್ನ ಬೋಳು ತಲೆಗೆ ಬಿಸಿಲು ಬಡಿಯುತ್ತಿತ್ತು. ಯಾರೋ ಕಿಸಕ್ಕೆಂದರು. ನಾನು ಅತ್ತ ತಿರುಗಿದೆ.

"ವಸಿ ಮ್ಯಾಕೆ... ಸೆರಗು ಫೋಟೋದಾಗೆ ಬತ್ತದೆ... ಆಂ, ಅಲ್ಲೇ! ಚಕ್ರ ಓದ್ವು! ಎಲ್ರೂ ಗಾಜನ್ನೇ ನೋಡಿ, ಅಳ್ಳಾಡ್ಬ್ಯಾಡಿ!"

ನಮ್ಮ ಮುಖಗಳು ನೆರಳಿಗಿದ್ದವು. ಹಾಗಾಗಿ ಅವನು ಮುಚ್ಚಳ ತೆಗೆದು ಕೊಂಚ ಹೆಚ್ಚು ಹೊತ್ತೇ ಕಾದ. ಗಾಳಿ ಸೆರಗನ್ನು ಜಗ್ಗುತ್ತಿತ್ತು. ನೀನು ಬಿಡಲಿಲ್ಲ.

ಅಮ್ಮ ಹಿಂದಿರುಗಲಿಲ್ಲ. ಆಮೇಲಿನ ಒಂದೊಂದು ತಿಥಿಯಲ್ಲೂ ಅಜ್ಜಿಯ ಬಾಯಲ್ಲಿ ಅದೇ ಮಾತು: "ಎದುರಿಗೆ ನಿಂತಳಲ್ಲ, ಅದೂ ಬರೀ ತಲೇಲಿ." ನೀನು ಊಟದ ಎಲೆ ಒರೆಸುತ್ತಿದ್ದೆ. ಆ ಮಾತನ್ನು ನೀನೂ ನಂಬಿಬಿಟ್ಟಿದ್ದೆಯಾ? ನನ್ನನ್ನು ಸಾಕಿದೆ, ಎಲ್ಲರ ಬಾಯಿಗೆ ಬಿದ್ದರೂ ಎಂ.ಎ.ವರೆಗೆ ಓದಿಸಿದೆ. ಓದುತ್ತಿದ್ದ ಕವಿತೆಗಳಲ್ಲಿ ನೆರಳೆಂಬ ಮಾತು ಬಂದಾಗೆಲ್ಲ ನಾನು ಮುಂದಿನ ಸಾಲಿಗೆ ಹೋಗಲಾರದೆ ನಿನ್ನ ಸೆರಗಿನ ಕೆಳಗೇ ನಿಂತುಬಿಡುತ್ತಿದ್ದೆ. ಆದರೆ ಅಮ್ಮನ ಫೋಟೋ ಎದುರು ನೀನು ಒಮ್ಮೆಯಾದರೂ...

ಕಳೆದ ವಾರ ಹಾಸನದ ಸ್ಟುಡಿಯೋ ಒಂದರಲ್ಲಿ ಅದನ್ನು ದೊಡ್ಡದು ಮಾಡಿಸಿದೆ. ಹಳೆಯ ಪ್ರತಿಯಲ್ಲಿ ಅಮ್ಮನ ಕಣ್ಣು ಎಳ್ಳಿನಷ್ಟಿತ್ತು. ಏನೂ ತಿಳಿಯುತ್ತಿರಲಿಲ್ಲ. ಹೊಸದನ್ನು ಕೈಗಿಡುವಾಗ ಸ್ಟುಡಿಯೋದವರು ಅಮ್ಮನನ್ನು ತೋರಿಸಿ ಕೇಳಿದರು: "ಇವರು ಕ್ಯಾಮೆರಾ ನೋಡ್ತಿಲ್ಲ ಮೇಡಂ. ಪಕ್ಕದಲ್ಲಿ ಯಾರಾದ್ರೂ ಇದ್ರಾ?"

ನೀನಿದ್ದೆ, ಅತ್ತೆ. ಚಿತ್ರದಲ್ಲಿ ಒಂದೂ ಬಿಳಿ ಚಕ್ರವಿಲ್ಲ. ಫೋಟೋದವನು ಹೇಳಿದಂತೆ ಅಪ್ಪ ಲೆನ್ಸನ್ನೇ ನೋಡುತ್ತಿದ್ದಾರೆ. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಾಳೆ. ನಾನು ಬಸ್ಸಿನ ಕಡೆ ತಿರುಗಿದ್ದೇನೆ. ಅಮ್ಮ ಒಬ್ಬಳೇ ನಿನ್ನನ್ನು ನೋಡುತ್ತಿದ್ದಾಳೆ.

ನಗುತ್ತಿದ್ದಾಳೆ.

ನಿನ್ನ,
ಪುಟ್ಟಿ