ಗವಿಯಿಂದ ಓಡಿದವರಿಗೆ

ಭೋಜ
೯ ಫೆಬ್ರುವರಿ ೨೦೨೫

ಸಂಜಯ ಅವರಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ಓಡುವಾಗ ತರಚಿದ ನಿಮ್ಮ ಮೊಣಕಾಲು ವಾಸಿಯಾಗಿರಬೇಕು. ನನ್ನ ಎಡಗೈ ಬೆರಳುಗಳನ್ನು ಇನ್ನೂ ಮಡಚಲಾಗುತ್ತಿಲ್ಲ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಪತ್ರ.

ಕಬ್ಬು ಕಾರ್ಖಾನೆಗೆ ಹೋಯಿತು, ಒಂದು ದಿನ ಅಡ್ಡಾಡಿ ಬರೋಣವೆಂದು ನನ್ನನ್ನೂ ನಿಮ್ಮ ತಾಯಿಯನ್ನೂ ಲೋಕಾಪುರದಾಚೆಯ ಸುಣ್ಣದಕಲ್ಲಿನ ಕಣಿವೆಗೆ ಕರೆದೊಯ್ದವರು ನೀವು. ನಡಿಗೆ ಚೆನ್ನಾಗಿಯೇ ಇತ್ತು. ಬಿಳಿಬಂಡೆಗಳ ನಡುವಿನ ಕಾಲುದಾರಿಯಲ್ಲಿ ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ನಮಗಿಂತ ಮುಂದೆ ನಡೆದರು. ಗವಿಯ ಬಾಯಿಗೆ ಬಂದಾಗ ಒಳಗೆ ಬೇಡವೆಂದೆ. “ಅಂಜಬುರಕಿ, ಸುಮ್ನ ಬಾ” ಎಂದಿರಿ. ಒಳಗಿನ ಇಳಿಜಾರಿನಲ್ಲಿ ಮೇಲಿಂದ ಕಲ್ಲು ಕಳಚಿ ಬಿತ್ತು. ಬ್ಯಾಟರಿ ನಿಮ್ಮ ಕೈಯಲ್ಲಿತ್ತು. ಆ ಬೆಳಕು ಕುಣಿಯುತ್ತಾ ದೂರವಾಗಿ ತಿರುವಿನಲ್ಲಿ ಇಲ್ಲವಾಯಿತು. ನಾನು ಕೂಗುತ್ತಲೇ ಇದ್ದೆ.

ಕತ್ತಲಲ್ಲಿ ತಡಕಾಡಿ ಅತ್ತೆಯ ಸೆರಗು ಹಿಡಿದೆ. ಅವರ ಕಾಲು ಕಲ್ಲುಗಳ ಸಂದಿಯಲ್ಲಿ ಸಿಕ್ಕಿತ್ತು. “ನೀ ಹೋಗ ನನ್ನವ್ವಾ, ಸಣ್ಣಾಕಿ ಅದೀ” ಎಂದರು. “ಸುಮ್ನ ಇರ್ರಿ ಅತ್ತಿ!” ಎಂದು ಮೊದಲ ಸಲ ಅವರಿಗೆ ಗದರಿದೆ. ಉಗುರು ಕಿತ್ತುಬರುವಂತೆ ಕಲ್ಲುಪುಡಿ ಕೆದರಿ ಕಾಲು ಬಿಡಿಸಿದೆ. ಮುಖಕ್ಕೆ ಗಾಳಿ ತಾಗಿದ ಕಡೆಗೆ ಇಬ್ಬರೂ ತೆವಳಿ ಹೊರಬಂದೆವು. ನೀವು ಕಾರು ತಿರುಗಿಸಿ, ಗಾಜು ಏರಿಸಿ ಕೂತಿದ್ದಿರಿ. “ಮಂದಿನ ಕರ್ಕೊಂಡ್ ಬರಾಕ ಹೊಂಟಿದ್ದೆ” ಎಂದಿರಿ.

ಹೆದರಿದ್ದಕ್ಕೆ ನಿಮ್ಮನ್ನು ದೂರುವುದಿಲ್ಲ, ನಾನೂ ಹೆದರಿದ್ದೆ. ಆದರೆ ಕರೋಶಿಯ ಮನೆಗೆ ಬಂದು ನೆಂಟರ ಮುಂದೆ, “ರೂಪಾಲಿ ಹಟಾ ಮಾಡಿ ಅವ್ವನ್ನ ಒಳಗ ಒಯ್ದಿದ್ಳು, ನಾ ಹೊರಗ ಎಳಕೊಂಡ್ ಬಂದೆ” ಎಂದಿರಲ್ಲ! ಬಟ್ಟೆ ಸುತ್ತಿದ ನನ್ನ ಕೈ ನೋಡುತ್ತಲೇ ಹೇಳಿದಿರಿ. ಅತ್ತೆ ಏನಾದರೂ ಹೇಳಿಯಾರೆಂದು ಕಾದೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಿಮ್ಮ ಸುಳ್ಳಿಗಿಂತ ಅದೇ ಹೆಚ್ಚು ಚುಚ್ಚಿತು. ಮರುದಿನವೇ ಭೋಜದ ತವರಿಗೆ ಬಂದೆ. ಈಗ “ಕ್ಷಮಾ ಕೇಳಿದ್ರ ಮನಿಗೆ ಬರಲಿ” ಎಂದು ನಿಮ್ಮ ತಮ್ಮನ ಕೈಲಿ ಹೇಳಿಕಳಿಸಿದ್ದೀರಿ. ಕ್ಷಮೆ ಕೇಳುವುದಿಲ್ಲ. ಬರುವುದೂ ಇಲ್ಲ.

ಮನೆಯ ಹಿರಿಯರಿಗೆ ನಮಸ್ಕಾರ, ಮೈದುನನ ಮಕ್ಕಳಿಗೆ ಮುದ್ದು. ನಿಮಗೆ ಹೇಳಬೇಕಾದದ್ದೆಲ್ಲ ಮೇಲೆಯೇ ಬರೆದಿದ್ದೇನೆ.

ರೂಪಾಲಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಬಂದರು. ಚಿಂಚಲಿಯ ತಂಗಿಯ ಮನೆಗೆಂದು ನಿಮಗೆ ಹೇಳಿ, ಬಟ್ಟೆಗಂಟು ಹಿಡಿದು ಕುಂಟುತ್ತಾ ಇಲ್ಲಿಗೇ ಬಂದಿದ್ದಾರೆ. ನಮ್ಮ ಅಪ್ಪ-ಅವ್ವನ ಮುಂದೆ ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದರು. ಪತ್ರ ಓದಿಸಿ ಕೇಳಿದ ಮೇಲೆ ಇದೊಂದು ಸೇರಿಸಲು ಹೇಳಿದ್ದಾರೆ: “ಅವಗ ಬರಿ, ನಾನೂ ಬರೂದಿಲ್ಲಂತ.”